ಕೌಂಟರಿನ ಹಿಂದಿರುವ ಹೆಣ್ಣುಮಕ್ಕಳ ಕುರಿತು ಸಹಕಾರಿ ನಿರ್ದೇಶಕರಿಗೂ ಶಾಖಾ ವ್ಯವಸ್ಥಾಪಕರಿಗೂ ಒಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ (ಪಿಕೆಪಿಎಸ್), ಪತ್ತಿನ ಸಹಕಾರಿ ಸಂಘ ಹಾಗೂ ಸೌಹಾರ್ದ ಸಹಕಾರಿಗಳ ಅಧ್ಯಕ್ಷರು, ನಿರ್ದೇಶಕರು ಮತ್ತು ಕಾರ್ಯದರ್ಶಿಗಳಿಗೆ, ಬ್ಯಾಂಕುಗಳ ಶಾಖಾ ವ್ಯವಸ್ಥಾಪಕರಿಗೆ,

ಮಾನ್ಯರೇ,



ಬ್ಯಾಂಕು ಮತ್ತು ಪತ್ತಿನ ಸಂಘಗಳಲ್ಲಿ ಕ್ಲರ್ಕ್ ಕೆಲಸ ಮಾಡುವ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಮೂರು ನೆಲೆಗಳಲ್ಲಿದ್ದಾರೆ. ಮೊದಲನೆಯದು ರಾಷ್ಟ್ರೀಕೃತ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕಿನ ಶಾಖೆ. ಅಲ್ಲಿಗೆ ಪರೀಕ್ಷೆ ಬರೆದು ಬರಬೇಕು. ಸಂಬಳ, ರಜೆ, ಬಡ್ತಿ ಎಲ್ಲಕ್ಕೂ ಬರೆದಿಟ್ಟ ನಿಯಮವಿದೆ. ಎರಡನೆಯದು ಪಿಕೆಪಿಎಸ್, ಪತ್ತಿನ ಸಂಘ, ನೇಕಾರರ ಸಂಘ, ಸೌಹಾರ್ದ ಸಹಕಾರಿ. ಅಲ್ಲಿ ನೇಮಕ ಮಾಡುವುದು ಆಡಳಿತ ಮಂಡಳಿ; ರಜೆ ಎಷ್ಟು, ಹೆರಿಗೆಯಾದ ಮೇಲೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮಂಡಳಿಯ ಮನಸ್ಸಿಗೆ ಬಿಟ್ಟದ್ದು. ಮೂರನೆಯದು ಹಳ್ಳಿ. ಮನೆ ಬಾಗಿಲಿಗೆ ಬ್ಯಾಂಕು ತರುವ ಬಿ.ಸಿ. ಸಖಿಯರು, ಸ್ವಸಹಾಯ ಸಂಘಗಳ ಲೆಕ್ಕ ಬರೆಯುವ ಎಂಬಿಕೆಗಳು ಇಲ್ಲಿಯವರು. ಇವರಿಗೆ ಸಂಬಳವಿಲ್ಲ; ಸಿಗುವುದು ಕಮಿಷನ್ ಅಥವಾ ಗೌರವಧನ. ಮೂರೂ ಕಡೆ ಎಣಿಸುವುದು ಅದೇ ರೊಕ್ಕ, ತಪ್ಪಿದರೆ ಹೊರಬೇಕಾದ ಹೊಣೆಯೂ ಅದೇ. ಆದರೆ ಮೊದಲ ನೆಲೆಯಲ್ಲಿ ಹಕ್ಕಾಗಿರುವುದು ಎರಡನೆಯದರಲ್ಲಿ ಉಪಕಾರವಾಗಿದೆ, ಮೂರನೆಯದರಲ್ಲಿ ಉಪಕಾರವೂ ಇಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಹೆಣ್ಣುಮಕ್ಕಳು ದಶಕಗಳ ಕಾಲ ಕೇಳಿ, ಕೋರ್ಟಿಗೆ ಹೋಗಿ, ಸಂಘಟನೆ ಕಟ್ಟಿ ಪಡೆದದ್ದು ಸಣ್ಣ ಸಂಘದ ಹೊಸ್ತಿಲಲ್ಲೇ ನಿಂತಿದೆ. ಅದನ್ನು ಒಳಗೆ ಕರೆದುಕೊಳ್ಳುವ ಅಧಿಕಾರ ತಮಗಿದೆ. ಆ ಕಾರಣಕ್ಕೇ ಈ ಪತ್ರ ತಮ್ಮ ಹೆಸರಿಗೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವಂಥ ಹಿನ್ನೆಲೆಯಿದೆ. ಸಹಕಾರಿ ಪತ್ತಿನ ಚಳವಳಿ ಈ ನಾಡಿನಲ್ಲಿ ಬೇರೂರಿದ್ದು 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆಬಾಗಿಲಲ್ಲಿ ಸಂಗ್ರಹಿಸುವ ಆ ಪದ್ಧತಿಯಿಂದ, ಬ್ಯಾಂಕಿನ ಮೆಟ್ಟಿಲು ಹತ್ತದಿದ್ದ ಎಷ್ಟೋ ಹೆಣ್ಣುಮಕ್ಕಳ ಹೆಸರಲ್ಲಿ ಮೊದಲ ಸಲ ಖಾತೆ ತೆರೆಯಿತು. ಅದೇ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುವ ಶಾಖೆ ತೆರೆದು ತೋರಿಸಿತು. ಹೆಣ್ಣು ಕ್ಯಾಶ್ ಮುಟ್ಟಬಹುದೇ, ಲೆಡ್ಜರ್ ತಾಳೆ ನೋಡಬಹುದೇ, ಸಾಲ ಮಂಜೂರು ಮಾಡಬಹುದೇ ಎಂಬ ಪ್ರಶ್ನೆಗಳಿಗೆ ಈ ರಾಜ್ಯದಲ್ಲಿ ಅರವತ್ತು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕೆನರಾ ಮತ್ತು ಸಿಂಡಿಕೇಟ್ ಅವುಗಳಲ್ಲಿದ್ದವು. 1980ರಲ್ಲಿ ಇನ್ನೂ ಆರು ಸೇರಿದಾಗ ವಿಜಯಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳೂ ಬಂದವು. ಶಾಖೆಗಳು ತಾಲ್ಲೂಕು ದಾಟಿ ಹೋಬಳಿಗೆ ಇಳಿದವು, ಕ್ಲರ್ಕುಗಳ ನೇಮಕ ಲಿಖಿತ ಪರೀಕ್ಷೆಯ ಮೂಲಕ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಯಾರ ಮಗಳು, ಯಾರ ಸೊಸೆ ಎಂದು ಉತ್ತರ ಪತ್ರಿಕೆ ಕೇಳುವುದಿಲ್ಲ. ಹೆಣ್ಣುಮಕ್ಕಳು ಬ್ಯಾಂಕಿಗೆ ಬರಲು ಭಾಷಣಗಳಿಗಿಂತ ಹೆಚ್ಚು ನೆರವಾದದ್ದು ಈ ಪರೀಕ್ಷೆಯೇ. ಕಂಪ್ಯೂಟರು ಬರುವ ಮುನ್ನ ಊರೂರಿನ ಟೈಪಿಂಗ್ ಕ್ಲಾಸುಗಳಲ್ಲಿ ಜೂನಿಯರ್, ಸೀನಿಯರ್ ಪಾಸು ಮಾಡಿಕೊಂಡ ಹುಡುಗಿಯರು ಬ್ಯಾಂಕು, ಎಲ್‌ಐಸಿ, ತಹಶೀಲ್ದಾರ್ ಕಚೇರಿಗಳ ದಾರಿ ಹಿಡಿದರು. ಕ್ಲರ್ಕ್ ನೇಮಕದ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವಂತೆ ಕೇಂದ್ರದ ಹಣಕಾಸು ಸಚಿವಾಲಯ 2021ರಲ್ಲಿ ಶಿಫಾರಸು ಮಾಡಿದ ಮೇಲೆ, ಕನ್ನಡ ಮಾಧ್ಯಮದಲ್ಲಿ ಓದಿದ ಬನಹಟ್ಟಿ, ತೇರದಾಳ, ಸಾವಳಗಿಯ ಹುಡುಗಿಯರಿಗೆ ಇನ್ನೊಂದು ಬಾಗಿಲು ತೆರೆದಿದೆ. 2011ರ ಜನಗಣತಿಯ ಪ್ರಕಾರ ಬಾಗಲಕೋಟೆ ಜಿಲ್ಲೆಯಲ್ಲಿ ಪುರುಷರ ಸಾಕ್ಷರತೆ ಸುಮಾರು 79%, ಮಹಿಳೆಯರದು ಸುಮಾರು 58%. ಈ ಅಂತರವಿರುವ ಜಿಲ್ಲೆಯಲ್ಲಿ ಬಿ.ಕಾಂ. ಮುಗಿಸಿ ತಮ್ಮ ಸಂಘದ ಬಾಗಿಲಿಗೆ ಅರ್ಜಿ ಹಿಡಿದು ಬರುವ ಹುಡುಗಿ ಎಷ್ಟು ಅಡೆತಡೆ ದಾಟಿ ಬಂದಿದ್ದಾಳೆಂಬುದನ್ನು ತಾವು ಬೇರೆಯವರಿಂದ ತಿಳಿಯಬೇಕಿಲ್ಲ.

ಈ ಸೀಮೆಯ ರೊಕ್ಕಕ್ಕೆ ತನ್ನದೇ ಪಂಚಾಂಗವಿದೆ. ಸಮೀರವಾಡಿಯ ಗೋದಾವರಿ ಕಾರ್ಖಾನೆಯೂ ಸುತ್ತಲಿನ ಇತರ ಸಕ್ಕರೆ ಕಾರ್ಖಾನೆಗಳೂ ಅಕ್ಟೋಬರ್-ನವೆಂಬರಿನಲ್ಲಿ ಕಬ್ಬು ಅರೆಯಲು ತೊಡಗಿದರೆ ಬೇಸಿಗೆ ಕಾಲಿಡುವವರೆಗೆ ಹಂಗಾಮು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ ಜಮಾ ಆದ ದಿನ ಕೌಂಟರಿನ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಬೆಳೆಸಾಲದ ಕಂತು ಮುರಿಯಬೇಕು, ಬಡ್ಡಿ ಲೆಕ್ಕ ಹಾಕಬೇಕು, ಅಡವಿಟ್ಟ ಬಂಗಾರ ಬಿಡಿಸಿಕೊಡಬೇಕು, ಕಬ್ಬು ಕಡಿಯುವ ಗ್ಯಾಂಗಿನ ಮುಂಗಡಕ್ಕೆ ನಗದು ಎಣಿಸಬೇಕು. ರಬಕವಿ-ಬನಹಟ್ಟಿಯಲ್ಲಿ ನೇಕಾರರ ವಾರದ ಬಟವಡೆ ಬೇರೆ. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿ ಕಡೆಯ ಕುಟುಂಬಗಳ ಪರಿಹಾರದ ಠೇವಣಿ, ಅದರ ನವೀಕರಣ, ಅಣ್ಣತಮ್ಮಂದಿರ ಪಾಲು ಬೇರೆ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಜಾರಿಯಾಗಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದಾದ ಮೇಲೆ ಕೌಂಟರಿನ ಮುಂದೆಯೂ ಹೆಂಗಸರ ಸಾಲು ಬೆಳೆದಿದೆ.

ಆ ಸಾಲಿನಲ್ಲಿ ನಿಂತವರಿಗೆ ಕೌಂಟರಿನ ಹಿಂದೆ ಒಬ್ಬ ಹೆಣ್ಣುಮಗಳು ಕೂತಿರುವುದು ಎಷ್ಟು ದೊಡ್ಡ ಸಂಗತಿ ಎಂಬುದು ವ್ಯವಸ್ಥಾಪಕರ ಕೋಣೆಯಿಂದ ಕಾಣುವುದಿಲ್ಲ. ಈ ಪತ್ರ ಬರೆಯುತ್ತಿರುವಾಕೆ ಇದೇ ಸೀಮೆಯ ಶಾಖೆಗಳಲ್ಲಿ ಕ್ಲರ್ಕ್ ಆಗಿ ದುಡಿದು ನಿವೃತ್ತಳಾದವಳು. ಅದನ್ನು ಕಣ್ಣಾರೆ ಕಂಡವಳು. ಮುದುಕಿಯೊಬ್ಬಳು ಪಾಸ್‌ಬುಕ್ಕನ್ನು ಸೀರೆಯ ಸೆರಗಿನಿಂದ ಬಿಚ್ಚಿ ಕಿಂಡಿಯೊಳಗೆ ಚಾಚಿ, “ಯವ್ವಾ, ನನ್ನ ರೊಕ್ಕ ಬಂದೈತೇನ ನೋಡ. ನನ್ನ ಮಗಗ ಮಾತ್ರ ಹೇಳಬ್ಯಾಡ” ಎಂದು ದನಿ ತಗ್ಗಿಸಿ ಕೇಳುತ್ತಾಳೆ. ಗಂಡಸು ಕೂತ ಕೌಂಟರಿನಲ್ಲಿ ಅವಳು ಈ ಎರಡನೆಯ ಮಾತು ಆಡುವುದಿಲ್ಲ. ನಾಮಿನಿ ಯಾರ ಹೆಸರಿಗಿದೆ, ಗಂಡ ತೀರಿಕೊಂಡ ಮೇಲೆ ಖಾತೆ ಏನಾಗುತ್ತದೆ, ತನ್ನ ಬಂಗಾರ ಯಾರ ಸಹಿಯಲ್ಲಿ ಅಡವಿದೆ ಎಂಬ ಪ್ರಶ್ನೆಗಳನ್ನು ಹೆಂಗಸರು ಹೆಂಗಸರನ್ನೇ ಕೇಳುತ್ತಾರೆ. ಠೇವಣಿ ಹೆಚ್ಚಬೇಕು, ಸ್ವಸಹಾಯ ಸಂಘಗಳ ಸಾಲ ಹೆಚ್ಚಬೇಕು ಎಂದು ಗುರಿ ಹಾಕಿಕೊಳ್ಳುವ ಮಂಡಳಿಗೆ ಇದು ವ್ಯವಹಾರದ ದೃಷ್ಟಿಯಿಂದಲೂ ಲಾಭದ ಮಾತು.

ಕ್ಲರ್ಕಿನ ದಿನ ಗ್ರಾಹಕರ ವೇಳೆ ಮುಗಿದೊಡನೆ ಮುಗಿಯುವುದಿಲ್ಲ. ಬಾಗಿಲು ಅರ್ಧ ಮುಚ್ಚಿದ ಮೇಲೆ ವೋಚರುಗಳನ್ನು ಜೋಡಿಸಿ ತಾಳೆ ನೋಡಬೇಕು. ನೋಟುಗಳನ್ನು ಮುಖಬೆಲೆಯ ಪ್ರಕಾರ ಬೇರ್ಪಡಿಸಿ ನೂರರ ಕಟ್ಟು ಕಟ್ಟಬೇಕು. ಹರಕು ನೋಟು, ಅನುಮಾನದ ನೋಟು ತೆಗೆದಿಡಬೇಕು. ಪಿಗ್ಮಿ ಏಜೆಂಟರು ತಂದ ಸಂಗ್ರಹ ಜಮಾ ಮಾಡಬೇಕು. ಲೆಕ್ಕಕ್ಕೂ ಪೆಟ್ಟಿಗೆಯಲ್ಲಿರುವ ನಗದಿಗೂ ಒಂದು ನೋಟಿನ ವ್ಯತ್ಯಾಸ ಬಿದ್ದರೂ ಮೊದಲಿಂದ ಎಣಿಕೆ. ಕೊನೆಗೂ ತಾಳೆಯಾಗದಿದ್ದರೆ ಕಡಿಮೆ ಬಿದ್ದದ್ದನ್ನು ಕ್ಯಾಶ್ ನೋಡಿದವರೇ ತುಂಬಿಕೊಡಬೇಕು. ಬ್ಯಾಂಕುಗಳಲ್ಲಿ ಈ ಹೊಣೆಗೆಂದೇ ಕ್ಯಾಶಿಯರಿಗೆ ವಿಶೇಷ ಭತ್ಯೆ ಇರುತ್ತದೆ. ಸಣ್ಣ ಸಂಘಗಳಲ್ಲಿ ಹೊಣೆ ಇದೆ, ಭತ್ಯೆ ಇಲ್ಲ. ಹಂಗಾಮಿನ ದಿನಗಳಲ್ಲಿ ಲಕ್ಷಗಟ್ಟಲೆ ನಗದು ಎಣಿಸಿ, ಸಂಜೆ ಐನೂರು ರೂಪಾಯಿ ಕಡಿಮೆ ಬಿತ್ತೆಂದು ತನ್ನ ಪರ್ಸಿನಿಂದ ಕೊಟ್ಟು ಮನೆಗೆ ಹೋಗುವ ಹುಡುಗಿಯ ತಿಂಗಳ ಸಂಬಳ ಎಷ್ಟೆಂಬುದನ್ನು ಮಂಡಳಿ ಒಮ್ಮೆ ನೆನೆಯಬೇಕು. ಎಣಿಸುವ ಯಂತ್ರ ಕೊಳ್ಳುವುದು, ಕ್ಯಾಶ್ ಮುಚ್ಚುವಾಗ ಎರಡನೆಯವರು ಜೊತೆಗಿರಬೇಕೆಂದು ನಿಯಮ ಮಾಡುವುದು, ಸಣ್ಣದಾದರೂ ಕ್ಯಾಶ್ ಭತ್ಯೆ ಕೊಡುವುದು, ಈ ಮೂರೂ ಒಂದೇ ಸಭೆಯ ಠರಾವಿನಲ್ಲಿ ಆಗುವಂಥವು.

ತಿಜೋರಿಗೆ ಎರಡು ಕೀಲಿ ಇರುತ್ತವೆ. ಇಬ್ಬರ ಬಳಿ ಒಂದೊಂದು. ಇಬ್ಬರೂ ಬಂದರೆ ಮಾತ್ರ ಬೆಳಿಗ್ಗೆ ತೆರೆಯುತ್ತದೆ, ಇಬ್ಬರೂ ಇದ್ದರೆ ಮಾತ್ರ ಸಂಜೆ ಮುಚ್ಚುತ್ತದೆ. ಬ್ಯಾಂಕುಗಳಲ್ಲಿ ಕೀಲಿ ಹಿಡಿದವರಿಗೆ ಸಂಬಳದ ಜೊತೆ ಹೆಚ್ಚಿನ ಭತ್ಯೆಯೂ ಮುಂದಿನ ಬಡ್ತಿಗೆ ಬೇಕಾದ ಅನುಭವವೂ ಸಿಗುತ್ತವೆ. ಎಷ್ಟೋ ಹೆಣ್ಣುಮಕ್ಕಳು ಕೀಲಿ ಬೇಡವೆನ್ನುತ್ತಾರೆ. ಅದನ್ನು ಕಂಡು, ಇವರಿಗೆ ಜವಾಬ್ದಾರಿ ಬೇಕಿಲ್ಲ ಎಂದು ಹಲವು ಶಾಖೆಗಳಲ್ಲಿ ತೀರ್ಮಾನವಾಗುತ್ತದೆ. ಅವರು ಬೇಡವೆನ್ನುವುದು ಬಸ್ಸಿನ ಕಾರಣಕ್ಕೆ. ಮಹಾಲಿಂಗಪುರ, ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳಗಳ ನಡುವೆ ದಿನಾ ಓಡಾಡುವವರಿಗೆ ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿದೆ. ಕಡಿಮೆ ಸಂಬಳದವರಿಗೆ ಅದು ಸಣ್ಣ ನೆರವಲ್ಲ. ಆದರೆ ವಾಯವ್ಯ ಸಾರಿಗೆಯ ಬಸ್ಸು ಹೊರಡುವ ವೇಳೆ ಶಾಖೆಯ ಲೆಕ್ಕ ತಾಳೆಯಾಗಲೆಂದು ಕಾಯುವುದಿಲ್ಲ. ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ಮುಂದೆ ಉದ್ದಕ್ಕೆ ನಿಂತಾಗ ರಸ್ತೆಯೂ ಕಿರಿದು. ಡಿಸೆಂಬರಿನಲ್ಲಿ ಆರೂವರೆಗೆ ಕತ್ತಲು. ನಿಲ್ದಾಣದಿಂದ ಹೊಲದ ಮನೆಗೆ ನಡೆಯಬೇಕಾದ ದಾರಿಯಲ್ಲಿ ದೀಪವಿಲ್ಲ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಕೀಲಿಯನ್ನು ತಿಂಗಳಿಗೊಬ್ಬರಂತೆ ಸರದಿಯಲ್ಲಿ ಕೊಡಬಹುದು. ಹೊರ ಊರಿನಿಂದ ಬರುವವರ ಕ್ಯಾಶನ್ನು ಮೊದಲು ಮುಚ್ಚಿಸಿ, ಊರಿನಲ್ಲೇ ಇರುವವರ ಕ್ಯಾಶನ್ನು ಕೊನೆಗೆ ಮುಚ್ಚಿಸಬಹುದು. ಹಂಗಾಮಿನಲ್ಲಿ ತಡವಾಗುವುದು ಖಚಿತವಿರುವ ದಿನಗಳಿಗೆ ಸಂಘದ ಖರ್ಚಿನಲ್ಲಿ ವಾಹನ ಗೊತ್ತು ಮಾಡಬಹುದು. ಡಿಪೋ ವ್ಯವಸ್ಥಾಪಕರಿಗೆ ಒಬ್ಬ ಕ್ಲರ್ಕ್ ಬರೆದ ಅರ್ಜಿಗಿಂತ ಒಂದು ಊರಿನ ಬ್ಯಾಂಕು, ಸಂಘ, ಶಾಲೆ, ಆಸ್ಪತ್ರೆಗಳು ಸೇರಿ ಬರೆದ ಅರ್ಜಿಗೆ ತೂಕ ಹೆಚ್ಚು. ಸಂಜೆಯ ಬಸ್ಸನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿಸಲು ತಾವು ಕೈಜೋಡಿಸಿದರೆ ಸಾಕು.

ಶೌಚಾಲಯದ ಮಾತನ್ನು ಪತ್ರದಲ್ಲಿ ಬರೆಯಬೇಕಾಗಿ ಬಂದಿರುವುದು ಸಂಕಟದ ಸಂಗತಿ. ಬಾಡಿಗೆ ಮಳಿಗೆಗಳ ಮೊದಲ ಮಹಡಿಯಲ್ಲಿ ನಡೆಯುವ ಸಂಘಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರುವುದು ಅಪರೂಪ. ಇದ್ದರೆ ನೀರಿಲ್ಲ, ನೀರಿದ್ದರೆ ಚಿಲಕವಿಲ್ಲ. ಅಲ್ಲಿ ಕೆಲಸ ಮಾಡುವವರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ, ತೀರಾ ಆಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ ಹೋಗಿ ಬರುತ್ತಾರೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮುಟ್ಟುವ ಊರುಗಳಿವು. ಮೂತ್ರದ ಸೋಂಕು ಈ ಹೆಣ್ಣುಮಕ್ಕಳಲ್ಲಿ ಎಷ್ಟು ಸಾಮಾನ್ಯವೆಂದು ಊರಿನ ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಕಟ್ಟಡ ಬಾಡಿಗೆಗೆ ಹಿಡಿಯುವಾಗ ತಿಜೋರಿಯ ಭಾರ ತಡೆಯುವ ನೆಲವಿದೆಯೇ ಎಂದು ನೋಡುವ ಮಂಡಳಿ ಇದನ್ನೂ ಕರಾರಿನಲ್ಲಿ ಸೇರಿಸಬೇಕೆಂದು ವಿನಂತಿ. ತಿಂಗಳ ಆ ದಿನಗಳ ವಿಷಯದಲ್ಲೂ ದೊಡ್ಡ ಬ್ಯಾಂಕುಗಳು ಮುಂದಿವೆ: 2024ರ ಮಾರ್ಚ್ 8ರ ದ್ವಿಪಕ್ಷೀಯ ವೇತನ ಒಪ್ಪಂದದಲ್ಲಿ ಮಹಿಳಾ ಸಿಬ್ಬಂದಿಗೆ ತಿಂಗಳಿಗೆ ಒಂದು ದಿನ ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ಅನಾರೋಗ್ಯ ರಜೆ ಪಡೆಯುವ ಅವಕಾಶವಾಯಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನಗಳ ಋತುಚಕ್ರ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಸಂಘದ ರಜೆ ನಿಯಮದಲ್ಲೂ ಇಂಥದೊಂದು ಸಾಲು ಸೇರಿಸಬೇಕು.

ಕೆಲಸ ಬಿಡುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬಿಡುವುದು ಮೊದಲ ಹೆರಿಗೆಯ ಸುತ್ತಮುತ್ತ. ಈ ವಿಷಯದಲ್ಲಿ ದೊಡ್ಡ ಸಂಸ್ಥೆಗಳೂ ತಪ್ಪು ಮಾಡಿವೆ, ತಿದ್ದಿಕೊಂಡಿವೆ. ಎಲ್‌ಐಸಿಯಲ್ಲಿ ಸಹಾಯಕಿ ಹುದ್ದೆಗೆ ಪರೀಕ್ಷೆ, ಸಂದರ್ಶನ ಎರಡರಲ್ಲೂ ಆಯ್ಕೆಯಾಗಿದ್ದ ನೀರಾ ಮಾಥುರ್ ಅವರನ್ನು ಹೆರಿಗೆಯ ನಂತರ ಕೆಲಸದಿಂದ ತೆಗೆಯಲಾಯಿತು. ನೇಮಕದ ವೇಳೆ ತುಂಬಿದ ಘೋಷಣೆಯಲ್ಲಿ ಕೊನೆಯ ಮುಟ್ಟಿನ ದಿನಾಂಕ ತಪ್ಪಾಗಿದೆ ಎಂಬುದು ಕಾರಣ. ಸುಪ್ರೀಂ ಕೋರ್ಟು 1991ರಲ್ಲಿ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿ, ಹೆಣ್ಣಿನ ಘನತೆಗೆ ಕುಂದು ತರುವ ಇಂಥ ಕಾಲಂಗಳನ್ನು ಅರ್ಜಿಯಿಂದ ತೆಗೆದುಹಾಕಬೇಕೆಂದು ಹೇಳಿತು. ಮೂವತ್ತು ವರ್ಷಗಳ ನಂತರ ಸ್ಟೇಟ್ ಬ್ಯಾಂಕು, ಮೂರು ತಿಂಗಳು ದಾಟಿದ ಗರ್ಭಿಣಿ ಅಭ್ಯರ್ಥಿಯನ್ನು ‘ತಾತ್ಕಾಲಿಕವಾಗಿ ಅನರ್ಹ’ ಎಂದು ಪರಿಗಣಿಸುವ ಸುತ್ತೋಲೆ ಹೊರಡಿಸಿತು. ದೇಶದಾದ್ಯಂತ ವಿರೋಧ ಬಂದಾಗ 2022ರ ಜನವರಿ 29ರಂದು ಅದನ್ನು ಹಿಂತೆಗೆದುಕೊಂಡಿತು. ದೊಡ್ಡ ಸಂಸ್ಥೆಯ ತಪ್ಪು ಪತ್ರಿಕೆಯಲ್ಲಿ ಬರುತ್ತದೆ, ಕೋರ್ಟಿಗೆ ಹೋಗುತ್ತದೆ, ಹಾಗಾಗಿ ತಿದ್ದುಪಡಿಯೂ ಆಗುತ್ತದೆ. ಸಣ್ಣ ಸಂಘದಲ್ಲಿ ಹೀಗಾದರೆ ಸುದ್ದಿ ಆ ಓಣಿಯನ್ನೂ ದಾಟುವುದಿಲ್ಲ.

ಈ ಸೀಮೆಯ ಒಂದು ಸಂಘದಲ್ಲಿ ನಡೆದದ್ದನ್ನು ಹೆಸರು ಹೇಳದೆ ಇಲ್ಲಿ ದಾಖಲಿಸಬೇಕಾಗಿದೆ. ಬಿ.ಕಾಂ. ಓದಿದ ಹುಡುಗಿ ಹಲವು ವರ್ಷ ಕೌಂಟರು ನಡೆಸಿದ್ದಳು. ಕಂಪ್ಯೂಟರಿನ ಲೆಕ್ಕವನ್ನು ಹಳೆಯ ಸಿಬ್ಬಂದಿಗೆ ಕಲಿಸಿದವಳೂ ಅವಳೇ. ನೇಮಕಾತಿ ಪತ್ರ ಯಾವತ್ತೂ ಕೊಟ್ಟಿರಲಿಲ್ಲ. ಏಳನೇ ತಿಂಗಳಲ್ಲಿ ರಜೆ ಕೇಳಿದಾಗ, “ಹೆರಿಗಿ ಆಗಲಿ ತಂಗಿ, ಆಮ್ಯಾಲ ನೋಡೋಣ” ಎಂದು ಕಾರ್ಯದರ್ಶಿಗಳು ಹೇಳಿ ಕಳಿಸಿದರು. ಮಗುವಿಗೆ ಐದು ತಿಂಗಳಾದಾಗ ಅವಳು ಬಂದು ನೋಡಿದರೆ ಅವಳ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಕೇಳಲು ಅವಳ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಕಾರ್ಯದರ್ಶಿಗಳು ಕೆಟ್ಟವರೇನಲ್ಲ, ಅವಳ ಮದುವೆಗೆ ಬಂದು ಅಕ್ಕಿಕಾಳು ಹಾಕಿದವರು. ಬರೆದಿಟ್ಟ ನಿಯಮ ಇಲ್ಲದ ಕಡೆ ಒಳ್ಳೆಯವರಿಂದಲೂ ಇಂಥ ಅನ್ಯಾಯವಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದು ಸ್ಪಷ್ಟವಾಗಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಬಂತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹಕ್ಕು ಹಾಗೆಯೇ ಉಳಿದಿದೆ. ಇದು ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ. ಕೆಲವು ಮಂಡಳಿಗಳು ಪ್ರತಿ ಶಾಖೆಯನ್ನೂ ಬಿಡಿಯಾಗಿ ಎಣಿಸಿ, ನಮ್ಮಲ್ಲಿ ನಾಲ್ಕೇ ಜನ ಎನ್ನುತ್ತವೆ. ಲಾಭಾಂಶ ಹಂಚುವಾಗ ಎಲ್ಲ ಶಾಖೆಗಳ ಲೆಕ್ಕ ಒಂದೇ ಆಗಿದ್ದರೆ ಸಿಬ್ಬಂದಿಯ ಲೆಕ್ಕವೂ ಒಂದೇ ಆಗುವುದು ನ್ಯಾಯ. ನಿಜಕ್ಕೂ ಐದಾರು ಜನರಷ್ಟೇ ಇರುವ ಪಿಕೆಪಿಎಸ್‌ಗಳಿಗೆ ಕಾನೂನಿನ ಒತ್ತಾಯವಿಲ್ಲ. ಅಂಥ ಕಡೆಯೂ ಆಡಳಿತ ಮಂಡಳಿ ಠರಾವು ಮಾಡಿ 26 ವಾರ ಕೊಡಲು ಯಾರ ಅಡ್ಡಿಯೂ ಇಲ್ಲ. ಆ ಅವಧಿಗೆ ಬದಲಿಯಾಗಿ ಊರಿನ ಇನ್ನೊಬ್ಬ ಪದವೀಧರೆಯನ್ನು ತೆಗೆದುಕೊಂಡರೆ ಅವಳಿಗೂ ಕೆಲಸ ಕಲಿತಂತಾಗುತ್ತದೆ. ನೇಮಕಾತಿ ಪತ್ರ, ಸಂಬಳ ಖಾತೆಗೆ ಜಮಾ, ರಜೆಯ ಲಿಖಿತ ನಿಯಮ, ಹೆರಿಗೆಯ ನಂತರ ಅದೇ ಹುದ್ದೆ, ಇಷ್ಟು ಖಾತರಿಯಿದ್ದರೆ ಇವರಲ್ಲಿ ಬಹುತೇಕರು ಕೆಲಸ ಬಿಡುವುದಿಲ್ಲ. ಕಲಿತ ಕೈ ಬಿಟ್ಟುಹೋದರೆ ಹೊಸಬರಿಗೆ ಬಡ್ಡಿ ಲೆಕ್ಕ, ಸಾಲದ ಕಡತ, ಊರಿನ ಗ್ರಾಹಕರ ಮುಖಪರಿಚಯ ಮೊದಲಿನಿಂದ ಆಗಬೇಕು. ಆ ನಷ್ಟ ಸಂಘದ್ದೇ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಮಾತಾಡುವುದನ್ನೇ ಸಣ್ಣ ಊರುಗಳಲ್ಲಿ ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಲಾಗುತ್ತದೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ನಂತರ 2013ರಲ್ಲಿ ಕಾಯ್ದೆ ಬಂದಿದೆ. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆ ಹಿರಿಯ ಮಹಿಳಾ ಉದ್ಯೋಗಿಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ರಚಿಸಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು, ಒಬ್ಬರು ಹೊರಗಿನವರಿರಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು; ಆರೋಪ ಮಾಲೀಕರ ಮೇಲೇ ಇದ್ದರೂ ದೂರು ಹೋಗುವುದು ಅಲ್ಲಿಗೆ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಸಂಘಗಳಲ್ಲಿ ಕೆಲಸ ಮಾಡುವ ಹುಡುಗಿಯರಲ್ಲಿ ಸ್ಥಳೀಯ ಸಮಿತಿ ಎಂಬುದೊಂದು ಇದೆಯೆಂದು ಬಲ್ಲವರು ವಿರಳ. ಸಾಲಗಾರನೊಬ್ಬ ಕೌಂಟರಿನಲ್ಲಿ ಅಸಭ್ಯ ಮಾತಾಡಿದರೆ, ರಾತ್ರಿ ಫೋನು ಮಾಡಿದರೆ, ಅವನು ದೊಡ್ಡ ಠೇವಣಿದಾರನೆಂದು ಸುಮ್ಮನಿರಬೇಕಾದ ಪರಿಸ್ಥಿತಿ ಇದೆ. ಬಡ್ಡಿದರದ ಫಲಕದ ಪಕ್ಕದಲ್ಲಿ ಸಮಿತಿಯ ವಿಳಾಸ, ದೂರವಾಣಿ ಸಂಖ್ಯೆ ಬರೆದ ಇನ್ನೊಂದು ಫಲಕ ತೂಗುಹಾಕಿ. ಗ್ರಾಹಕರೂ ಅದನ್ನು ಓದಲಿ.

ಬಡ್ತಿಯ ವಿಷಯ ಮುಖ್ಯವಾಗಿ ಶಾಖಾ ವ್ಯವಸ್ಥಾಪಕರಿಗೆ ಸಂಬಂಧಿಸಿದ್ದು. ಬ್ಯಾಂಕಿನ ಕ್ಲರ್ಕ್ ನೇಮಕ ರಾಜ್ಯವಾರು ನಡೆಯುತ್ತದೆ. ಅಧಿಕಾರಿಯಾದರೆ ವರ್ಗಾವಣೆ ದೂರ. ಅರ್ಹತೆ, ಸೇವಾವಧಿ ಎರಡೂ ಇದ್ದು ಬಡ್ತಿಯ ಅರ್ಜಿಯನ್ನೇ ಹಾಕದ ಹೆಣ್ಣುಮಕ್ಕಳು ಪ್ರತಿ ಪ್ರಾದೇಶಿಕ ಕಚೇರಿಯಲ್ಲೂ ಸಿಗುತ್ತಾರೆ. ಗ್ರಾಮೀಣ ಬ್ಯಾಂಕಿನಲ್ಲಿ ಈ ಭಯ ಕಡಿಮೆಯಿತ್ತು. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ವ್ಯಾಪ್ತಿ ಒಂಬತ್ತು ಜಿಲ್ಲೆಗಳಷ್ಟಿತ್ತು. 2025ರ ಮೇ 1ರಿಂದ ಅದು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿ, ಇಡೀ ರಾಜ್ಯಕ್ಕೆ ಒಂದೇ ಬ್ಯಾಂಕು ಎಂದಾಗಿದೆ. ವ್ಯಾಪ್ತಿ ಹಿಗ್ಗಿದಷ್ಟೂ ಹಿಂಜರಿಕೆಯೂ ಹಿಗ್ಗುತ್ತದೆ. ಮದುವೆಯಾದ ಮಹಿಳಾ ಉದ್ಯೋಗಿಯನ್ನು ಗಂಡ ಇರುವ ಊರಿಗೆ, ಅವಿವಾಹಿತೆಯನ್ನು ತಂದೆತಾಯಿ ಇರುವ ಊರಿಗೆ ಸಾಧ್ಯವಾದಷ್ಟೂ ಹತ್ತಿರ ನೇಮಿಸಬೇಕೆಂದು ಕೇಂದ್ರ ಸರ್ಕಾರ 2014ರಲ್ಲೇ ಸಾರ್ವಜನಿಕ ಬ್ಯಾಂಕುಗಳಿಗೆ ಸೂಚಿಸಿದೆ. ಇದನ್ನು ಉದ್ಯೋಗಿಯೇ ಅಂಗಲಾಚಿ ಕೇಳುವಂತಾಗಬಾರದು; ವ್ಯವಸ್ಥಾಪಕರು ತಮ್ಮ ವರದಿಯಲ್ಲಿ ತಾವೇ ಬರೆಯಬೇಕು. ಅರ್ಜಿ ಹಾಕದವರನ್ನು ಕರೆದು ಕೂರಿಸಿ ಕಾರಣ ಕೇಳಬೇಕು. ಸಾಲ ವಿಭಾಗದ ಕಡತ, ಹೊಲದ ಪರಿಶೀಲನೆ, ಬಂಗಾರದ ಸಾಲ, ಲೆಕ್ಕಪರಿಶೋಧನೆಯ ಉತ್ತರ, ಇವೆಲ್ಲ ಕೈಗೆ ಬಂದರೆ ತಾನೇ ಅಧಿಕಾರಿಯಾಗುವ ಧೈರ್ಯ? ಪಾಸ್‌ಬುಕ್ ಮುದ್ರಣಕ್ಕೇ ವರ್ಷಗಟ್ಟಲೆ ಕೂರಿಸಿ, ಇವರಿಗೆ ಸಾಲದ ಅನುಭವ ಇಲ್ಲ ಎನ್ನುವುದು ಸರಿಯಲ್ಲ. ಸಂಘಗಳಲ್ಲಿ ಕಾರ್ಯದರ್ಶಿ ಹುದ್ದೆ ತೆರವಾದಾಗಲೂ ಇದೇ ಮಾತು ಅನ್ವಯಿಸುತ್ತದೆ.

ಕೊನೆಯದಾಗಿ ಹಳ್ಳಿಯ ಬಿ.ಸಿ. ಸಖಿಯರು. ಕೈಯಂತ್ರದಲ್ಲಿ ಆಧಾರ್ ಬೆರಳಚ್ಚು ತೆಗೆದುಕೊಂಡು ಹಣ ಕೊಡುವುದು, ಜಮಾ ಮಾಡಿಕೊಳ್ಳುವುದು ಅವರ ಕೆಲಸ. ಕಬ್ಬು ಕಡಿಯುವ, ಕಂಡಿಕೆ ಸುತ್ತುವ ಹೆಂಗಸರ ಬೆರಳಿನ ಗೆರೆ ಸವೆದಿರುತ್ತದೆ. ಒಂದು ಬೆರಳು ಹತ್ತದಿದ್ದರೆ ಇನ್ನೊಂದು, ಕೈ ತೊಳೆಸಿ ಒರೆಸಿ ಮತ್ತೊಮ್ಮೆ. ಅಷ್ಟು ಮಾಡಿ ಸಾವಿರ ರೂಪಾಯಿ ಕೊಟ್ಟರೆ ಸಿಗುವ ಕಮಿಷನ್ ಕೆಲವೇ ರೂಪಾಯಿ; ವ್ಯವಹಾರ ವಿಫಲವಾದರೆ ಅದೂ ಇಲ್ಲ. ಕೊಡಲು ಬೇಕಾದ ನಗದನ್ನು ಅವರು ತಮ್ಮ ಬ್ಯಾಂಕಿನ ಲಿಂಕ್ ಶಾಖೆಗೆ ಬಂದು ತಾವೇ ಒಯ್ಯಬೇಕು. ಅಲ್ಲಿ ಸಾಮಾನ್ಯ ಸರದಿಯಲ್ಲಿ ನಿಂತು ಅರ್ಧ ದಿನ ಹೋಗುತ್ತದೆ, ಹಳ್ಳಿಯಲ್ಲಿ ಜನ ಕಾಯುತ್ತಾರೆ. ಪ್ರತಿ ಲಿಂಕ್ ಶಾಖೆಯೂ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಿ.ಸಿ. ಸಖಿಯರಿಗೆ ಮೊದಲು ನಗದು ಕೊಟ್ಟು ಕಳಿಸುವ ಪದ್ಧತಿ ಇಟ್ಟುಕೊಳ್ಳಬೇಕು. ಸಣ್ಣ ಮುಖಬೆಲೆಯ ನೋಟು ಕೊಡಬೇಕು, ಹಣ ಒಯ್ಯುವ ದಾರಿಗೆ ವಿಮೆ ಮಾಡಿಸಬೇಕು, ಕಮಿಷನ್ ತಿಂಗಳಿಗೆ ಸರಿಯಾಗಿ ಜಮಾ ಆಗುತ್ತಿದೆಯೇ ಎಂದು ಒಬ್ಬ ಅಧಿಕಾರಿ ವಿಚಾರಿಸಬೇಕು. ಎಂಬಿಕೆಗಳ ಗೌರವಧನ ತಿಂಗಳುಗಟ್ಟಲೆ ತಡವಾದಾಗ ಪಂಚಾಯತಿ ಮಟ್ಟದ ಒಕ್ಕೂಟದ ಪರವಾಗಿ ಸಂಬಂಧಪಟ್ಟ ಇಲಾಖೆಗೆ ಒಂದು ಪತ್ರ ಬರೆದರೂ ಅವರಿಗೆ ಬಲ ಬರುತ್ತದೆ.

ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ಅಚ್ಚಾಗಿ ಶೇರುದಾರರ ಕೈ ಸೇರುವ ವರದಿಯಲ್ಲಿ ಠೇವಣಿ, ಸಾಲ, ಲಾಭಾಂಶದ ಜೊತೆಗೆ ಒಂದು ಪುಟ ಸಿಬ್ಬಂದಿಗೆ ಮೀಸಲಾಗಲಿ: ಒಟ್ಟು ಎಷ್ಟು ಜನ, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ನೇಮಕಾತಿ ಪತ್ರ ಎಷ್ಟು ಜನರಿಗಿದೆ, ಕ್ಯಾಶ್ ಭತ್ಯೆ ಎಷ್ಟು, ಆ ವರ್ಷ ಹೆರಿಗೆ ರಜೆ ಪಡೆದವರೆಷ್ಟು, ಮರಳಿ ಬಂದವರೆಷ್ಟು, ದೂರು ಸಮಿತಿಯ ಸದಸ್ಯರು ಯಾರು. ಮೇಲೆ ಕೇಳಿಕೊಂಡ ಠರಾವುಗಳನ್ನು ಅದಕ್ಕೆ ಮುಂಚಿನ ಮಂಡಳಿ ಸಭೆಯಲ್ಲಿ ಮಂಡಿಸಿ, ಮಹಾಸಭೆಯಲ್ಲಿ ಓದಿ ದಾಖಲಿಸಬೇಕೆಂದು ಕಳಕಳಿಯ ಪ್ರಾರ್ಥನೆ.

ಇತಿ ತಮ್ಮ ವಿಶ್ವಾಸಿ,

ನಿವೃತ್ತ ಬ್ಯಾಂಕ್ ಉದ್ಯೋಗಿ
ಸಮೀರವಾಡಿ